ನಲವತ್ತು ಲೀಟರಿನ ಸ್ನಾನ

ಮನುಷ್ಯ ಬೆವರುತ್ತಾನೆ ಎಂಬ ಸಂಗತಿಗೆ ಕಚೇರಿಯ ನಿಯಮಾವಳಿಯಲ್ಲಿ ಜಾಗವಿಲ್ಲ. ರಜೆಯ ಬಗ್ಗೆ ಹದಿನೇಳು ಕಲಮುಗಳಿವೆ, ಗುಂಡುಸೂಜಿಯ ಬಗ್ಗೆ ಎರಡಿವೆ, ಬೆವರಿನ ಬಗ್ಗೆ ಒಂದೂ ಇಲ್ಲ. ಹೀಗಾಗಿ ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತರು ಒಂದು ಸೋಮವಾರ ಬೆಳಿಗ್ಗೆ ಅಡಿಯಿಂದ ಮುಡಿಯವರೆಗೆ ತೊಯ್ದು ತೊಪ್ಪೆಯಾಗಿ ಒಳಗೆ ಬಂದಾಗ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಬಾಗಿಲ ಕಾವಲುಗಾರ ಮೊದಲು ಅವರನ್ನು ನೋಡಿದ, ಆಮೇಲೆ ಆಕಾಶವನ್ನು ನೋಡಿದ. ಆಕಾಶ ನಿರ್ಮಲವಾಗಿತ್ತು.

ಇದಕ್ಕೆಲ್ಲ ಕಾರಣ ಹಿಂದಿನ ದಿನ ಭಾವಮೈದುನನ ಮನೆಯಲ್ಲಿ ಬಾಯಿಂದ ಜಾರಿದ ಒಂದು ಮಾತು. ಭಾವಮೈದುನ ನಿಂತಲ್ಲೇ ನಡೆಯುವ ಯಂತ್ರವೊಂದನ್ನು ತಂದು ಹಾಲಿನ ನಡುವೆ ಇಟ್ಟಿದ್ದ. ಬಂದವರೆಲ್ಲ ಅದನ್ನು ಸುತ್ತಿಕೊಂಡೇ ಒಳಗೆ ಹೋಗಬೇಕು. ಅದರ ಮೇಲೆ ನಿಂತು, ಎಲ್ಲಿಗೂ ಹೋಗದೆ ದಿನಕ್ಕೆ ಐದು ಕಿಲೋಮೀಟರು ನಡೆಯುತ್ತೇನೆಂದು ಆತ ವಿವರಿಸಿದ. ಗುಮಾಸ್ತರೂ ಎಷ್ಟೋ ವರ್ಷಗಳಿಂದ ಎಲ್ಲಿಗೂ ಹೋಗದೆ ಇದ್ದವರೇ. ಆದರೆ ಅವರ ಹತ್ತಿರ ಅದನ್ನು ಲೆಕ್ಕವಿಡುವ ಯಂತ್ರವಿರಲಿಲ್ಲ. ಹೆಂಡತಿಯ ಮುಂದೆ ಸುಮ್ಮನಿರುವುದು ಸರಿಯಲ್ಲವೆಂದು ಅವರು ಗಂಟಲು ಸರಿಮಾಡಿಕೊಂಡರು.

"ನಾನು ನಾಳೆಯಿಂದ ಸೈಕಲಲ್ಲೇ ಆಫೀಸಿಗೆ. ಒಂಬತ್ತು ಕಿಲೋಮೀಟರು. ಇಪ್ಪತ್ತೆಂಟು ನಿಮಿಷ ಸಾಕು."

ಇಪ್ಪತ್ತೆಂಟು ಎಂಬ ಸಂಖ್ಯೆ ಎಲ್ಲಿಂದ ಬಂತೋ ದೇವರೇ ಬಲ್ಲ. ಹೆಂಡತಿ ಕೈಯಲ್ಲಿದ್ದ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. ಭಾವಮೈದುನ ಮಾತ್ರ ಬಹಳ ಸಂತೋಷಪಟ್ಟ. ಹಾಗಾದರೆ ದಿನಾ ಬೆಳಿಗ್ಗೆ ಫೋನು ಮಾಡಿ ಎಷ್ಟು ನಿಮಿಷವಾಯಿತೆಂದು ಕೇಳುತ್ತೇನೆ ಭಾವ ಎಂದು ಮಾತು ಕೊಟ್ಟ. ಕೊಟ್ಟ ಮಾತಿಗೆ ತಪ್ಪುವವನಲ್ಲ.

ಮೊದಲ ದಿನ ಐವತ್ತೊಂದು ನಿಮಿಷವಾಯಿತು. ದಾರಿಯ ಕೊನೆಯ ಒಂದೂವರೆ ಕಿಲೋಮೀಟರು ಏರು. ಏರಿನ ತುದಿಯಲ್ಲಿ ಕಚೇರಿ. ನೀರು ಅಲ್ಲಿಂದ ಇಳಿದು ಊರಿಗೆ ಹೋಗಲೆಂದು ಹಿರಿಯರು ಹಾಗೆ ಕಟ್ಟಿಸಿದ್ದರು, ಗುಮಾಸ್ತರು ಹತ್ತಿ ಬರುವುದನ್ನು ಯೋಚಿಸಿರಲಿಲ್ಲ. ಮೇಜಿಗೆ ಬಂದು ಕುಳಿತವರು ಮೊದಲ ದೂರಿನ ಅರ್ಜಿಯನ್ನು ಬಿಡಿಸಿದರು. ಯಾರೋ ತಾಯಿ ಬರೆದದ್ದು, ನಾಲ್ಕು ದಿನದಿಂದ ಮನೆಯಲ್ಲಿ ಒಂದು ಹನಿ ನೀರಿಲ್ಲವೆಂದು. ಗುಮಾಸ್ತರ ಮೂಗಿನ ತುದಿಯಿಂದ ಒಂದು ಹನಿ ಸರಿಯಾಗಿ ಆ ಸಾಲಿನ ಮೇಲೆಯೇ ಬಿದ್ದು ಶಾಯಿ ಹರಡಿ, ದೂರು ಅಲ್ಲಿಗೆ ಅಳಿಸಿಹೋಯಿತು.

ಎದುರು ಮೇಜಿನ ಸೂಪರಿಂಟೆಂಡೆಂಟ್ ಮೇಡಂ ಎದ್ದು ಒಂದು ಕಿಟಕಿ ತೆರೆದರು. ಮಂಗಳವಾರ ಇನ್ನೊಂದನ್ನು ತೆರೆದರು. ಬುಧವಾರದ ಹೊತ್ತಿಗೆ ತೆರೆಯಲು ಕಿಟಕಿ ಉಳಿದಿರಲಿಲ್ಲ.

ಗುಮಾಸ್ತರು ಕೈಕಟ್ಟಿ ಕುಳಿತವರಲ್ಲ. ಕಚೇರಿಯ ಶೌಚಾಲಯದಲ್ಲಿ ಮೈ ತೊಳೆಯಲು ನೋಡಿದರು. ಇಡೀ ಊರಿಗೆ ನೀರು ಕೊಡುವ ಆ ಕಚೇರಿಯ ನಲ್ಲಿಯಲ್ಲಿ ನೀರು ನೂಲಿನಂತೆ ಬರುತ್ತಿತ್ತು. ಒಂದು ಮಗ್ಗು ತುಂಬಲು ಹನ್ನೊಂದು ನಿಮಿಷ. ಹೊರಗೆ ಮೂರು ಜನ ನಿಂತು ಬಾಗಿಲು ಬಡಿಯತೊಡಗಿದರು. ಮರುದಿನ ಪೌಡರಿನ ಡಬ್ಬಿ ತಂದು ಅರ್ಧ ಮೈಮೇಲೆ ಸುರಿದುಕೊಂಡರು. ಹಿಟ್ಟಿನ ಗಿರಣಿಯಿಂದ ನೇರ ಎದ್ದು ಬಂದವರಂತೆ ಕಂಡದ್ದಲ್ಲದೆ, ಇಂಜಿನಿಯರ್ ಸಾಹೇಬರ ಮೇಜಿಗೆ ಹೋದ ಗೋಪ್ಯ ಕಡತದ ಮೇಲೆ ಐದು ಬೆರಳೂ ಬಿಳಿಯಾಗಿ ಮೂಡಿದ್ದವು. ಶುಕ್ರವಾರ ಹೆಂಡತಿಯ ಅತ್ತರು ಹಚ್ಚಿಕೊಂಡು ಬಂದರು. ಮೇಡಂ ಹತ್ತೊಂಬತ್ತು ಸಲ ಸೀನಿದರು. ಎಣಿಸಿದ್ದು ಗುಮಾಸ್ತರೇ, ಪ್ರತಿ ಸೀನಿಗೂ ಅವರ ಎದೆ ಒಂದಿಷ್ಟು ಕುಸಿಯುತ್ತಿತ್ತು.

ಕುಸಿಯಲು ಕಾರಣವಿತ್ತು. ಹೆಡ್ ಕ್ಲರ್ಕು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಹನ್ನೆರಡು ವರ್ಷದಿಂದ ಗುಮಾಸ್ತರು ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದರು. ಅವರ ಹೆಂಡತಿಯಂತೂ ಅದಕ್ಕೊಂದು ದಿಂಬಿನ ಗವಸು ಹೊಲಿದು, ಅಂಚಿಗೆ ದಾರದ ಹೂ ಕಟ್ಟಿ, ಬಂಧುಗಳಿಗೆಲ್ಲ ತೋರಿಸಿಯೂ ಆಗಿತ್ತು. ಸರದಿಯೂ ಅವರದೇ. ಆದರೆ ಮೇಡಂ ವರದಿ ಬರೆಯಬೇಕು, ವರದಿಯಲ್ಲಿ "ಶುಚಿತ್ವ" ಎಂಬ ಅಂಕಣವೊಂದಿದೆ. ಶನಿವಾರ ಅವರನ್ನು ಕರೆದು ಮೇಡಂ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡಿದರು.

"ನಿಮ್ಮ ಕೆಲಸದ ಬಗ್ಗೆ ನನ್ನದೇನೂ ಮಾತಿಲ್ಲ. ಆ ಕುರ್ಚಿ ನನ್ನ ಪಕ್ಕದಲ್ಲೇ ಇದೆ. ಅಷ್ಟು ಮಾತ್ರ ಹೇಳ್ತೀನಿ."

ಸೈಕಲ್ ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಬೆಳಿಗ್ಗೆ ಬರುವ ಫೋನಿಗೆ ಏನು ಹೇಳುವುದು? ಕುರ್ಚಿಯೂ ಬೇಕು, ಇಪ್ಪತ್ತೆಂಟು ನಿಮಿಷವೂ ಬೇಕು. ಎರಡರ ನಡುವೆ ಒಂದು ಸ್ನಾನದ ಅಂತರವಿತ್ತು.

ಅದೇ ದಿನ ಹಳೆಯ ಕಡತವೊಂದನ್ನು ಹುಡುಕಿಕೊಂಡು ನೆಲಮಾಳಿಗೆಗೆ ಇಳಿದ ಗುಮಾಸ್ತರ ಕಣ್ಣಿಗೆ ಮೀಟರು ಪರೀಕ್ಷೆಯ ಕೋಣೆ ಬಿತ್ತು. ಹನ್ನೆರಡು ವರ್ಷ ಮೀಟರುಗಳ ಬಗ್ಗೆ ಪತ್ರ ಬರೆದಿದ್ದರೂ ಅವುಗಳನ್ನು ಪರೀಕ್ಷಿಸುವ ಜಾಗವನ್ನು ಅವರು ನೋಡಿರಲಿಲ್ಲ. ಉದ್ದನೆಯ ಕಲ್ಲಿನ ಕಟ್ಟೆ, ಅದರ ಮೇಲೆ ಒಂದು ದಪ್ಪ ಪೈಪು, ಪೈಪಿನಲ್ಲಿ ಒಂದರ ಹಿಂದೊಂದು ನಾಲ್ಕು ಮೀಟರುಗಳು, ಕೊನೆಯಲ್ಲಿ ನಲ್ಲಿ, ನಲ್ಲಿಗೆ ಸಿಕ್ಕಿಸಿದ ರಬ್ಬರ್ ಕೊಳವೆ. ನೆಲದಲ್ಲಿ ನೀರು ಹೋಗಲು ಕಂಡಿ. ಬಾಗಿಲಿಗೆ ಒಳಗಿನಿಂದ ಚಿಲಕ. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ನಲ್ಲಿ ತಿರುಗಿಸಿ ನೋಡಿದರು. ನೀರು ಭೋರ್ಗರೆದು ಬಂತು. ಗುಮಾಸ್ತರು ಕೈಮುಗಿದರು, ಯಾರಿಗೆಂದು ಅವರಿಗೂ ಗೊತ್ತಾಗಲಿಲ್ಲ.

ಸೋಮವಾರದಿಂದ ಅವರು ಒಂದೂವರೆ ಗಂಟೆ ಮುಂಚೆ ಬರತೊಡಗಿದರು. ಕಾವಲುಗಾರ ಮೊಳೆಯಲ್ಲಿದ್ದ ಬೀಗದ ಕೈ ತೆಗೆದುಕೊಟ್ಟ, ಏಕೆಂದು ಕೇಳಲಿಲ್ಲ. ಒಳಗಿನಿಂದ ಚಿಲಕ ಹಾಕಿ, ಕೊಳವೆಯನ್ನು ತಲೆಯ ಮೇಲಿನ ಕೊಕ್ಕೆಗೆ ಸಿಕ್ಕಿಸಿ, ನಲ್ಲಿ ತಿರುಗಿಸಿ, ಬಾಲ್ಯದಲ್ಲಿ ಅಜ್ಜಿ ಬಾಯಿಪಾಠ ಮಾಡಿಸಿದ ಪದ್ಯಗಳನ್ನು ರಾಗವಾಗಿ ಹೇಳುತ್ತ ಅವರು ನಿಂಬೆ ಸೋಪಿನಲ್ಲಿ ಮೀಯುತ್ತಿದ್ದರು. ಒಟ್ಟು ಹನ್ನೊಂದು ಪದ್ಯ. ಹನ್ನೊಂದನೆಯದು ಮುಗಿದಾಗ ನಲ್ಲಿ ಮುಚ್ಚುವುದು. ಪೈಪಿನ ಮೇಲೆ ನಾಲ್ಕು ಮೀಟರುಗಳ ಪುಟ್ಟ ಚಕ್ರಗಳು ಗಿರ್ರೆಂದು ತಿರುಗುತ್ತಿದ್ದವು. ಗುಮಾಸ್ತರಿಗೆ ಅದು ನೋಡಲು ಬಹಳ ಚೆಂದ ಕಾಣುತ್ತಿತ್ತು. ಆಮೇಲೆ ಒಗೆದ ಅಂಗಿ ತೊಟ್ಟು, ತಲೆ ಬಾಚಿ, ಒದ್ದೆ ಟವೆಲನ್ನು ಹಳೆಯ ಕಡತಗಳ ಹಿಂದೆ ಹರವಿ ಮೇಲೆ ಬರುವರು. ಮೇಡಂ ಒಂದೊಂದಾಗಿ ಕಿಟಕಿಗಳನ್ನು ಮುಚ್ಚಿಸಿದರು.

ಈಗ ಆ ಕೋಣೆಯ ಒಡೆಯನ ಕೆಲಸದ ಕ್ರಮವನ್ನು ಹೇಳಿಬಿಡಬೇಕು; ಗುಮಾಸ್ತರು ವಿಚಾರಿಸಲಿಲ್ಲ, ಓದುವವರಿಗಾದರೂ ತಿಳಿದಿರಲಿ. ಮೀಟರು ಪರೀಕ್ಷಿಸುವವರನ್ನು ಎಲ್ಲರೂ ಮೀಟರಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷದ ಸೇವೆ, ಇನ್ನೆರಡು ವರ್ಷ ಬಾಕಿ. ನಮ್ಮ ಮೀಟರು ಹೆಚ್ಚು ಓಡುತ್ತದೆ ಎಂದು ಜನ ತಂದುಕೊಟ್ಟ ಮೀಟರುಗಳನ್ನು ದಿನಕ್ಕೆ ನಾಲ್ಕರಂತೆ ಅವರು ಪೈಪಿಗೆ ಜೋಡಿಸುವರು. ಜೋಡಿಸುವುದು ಸಂಜೆ, ಆಗಲೇ ನಾಲ್ಕರ ಅಂಕಿಯನ್ನೂ ರಿಜಿಸ್ಟರಿನಲ್ಲಿ ಬರೆದಿಟ್ಟು ಮನೆಗೆ ಹೋಗುವರು. ಬೆಳಿಗ್ಗೆ ಹತ್ತೂವರೆಗೆ ಬಂದು, ನೂರು ಲೀಟರಿನ ಡ್ರಮ್ಮು ತುಂಬುವಷ್ಟು ನೀರು ಬಿಟ್ಟು, ಮತ್ತೆ ಅಂಕಿ ನೋಡುವರು. ಸಂಜೆಗಿಂತ ನೂರು ಹೆಚ್ಚಾಗಿದ್ದರೆ ಮೀಟರು ಸರಿ. ಒಂದೆರಡು ಆಚೀಚೆಯಾದರೆ ಕ್ಷಮೆಯುಂಟು. ಇಪ್ಪತ್ತೆಂಟು ವರ್ಷದಲ್ಲಿ ಬಂದ ಮೀಟರುಗಳೆಲ್ಲ ಸರಿಯಾಗಿಯೇ ಇದ್ದವು. ಅದಕ್ಕೆಂದೇ ಕಚೇರಿಯವರು "ನಿಮ್ಮ ಮೀಟರನ್ನು ಪರೀಕ್ಷಿಸಲಾಗಿ ಅದು ನಿರ್ದೋಷವೆಂದು ಕಂಡುಬಂದಿದೆ" ಎಂದು ಐದು ಸಾವಿರ ಪತ್ರಗಳನ್ನು ಮೊದಲೇ ಅಚ್ಚು ಹಾಕಿಸಿದ್ದರು.

ಆ ಸೋಮವಾರ ನಾಲ್ಕು ಮೀಟರುಗಳೂ ನೂರಕ್ಕೆ ನೂರನಲವತ್ತು ತೋರಿಸಿದವು.

ಮೀಟರಣ್ಣ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಲವತ್ತು ಹೆಚ್ಚು. ಕೋಣೆಯಲ್ಲಿ ನಿಂಬೆಯ ವಾಸನೆಯೂ ಇತ್ತು. ಪೈಪು ತೊಳೆಯುವ ಔಷಧಿ ಬದಲಾಗಿರಬೇಕೆಂದುಕೊಂಡರು. ಸುಳ್ಳು ಬರೆದು ಅಭ್ಯಾಸವಿಲ್ಲದ ಮನುಷ್ಯ, ಕಂಡದ್ದನ್ನು ಕಂಡ ಹಾಗೆ ಬರೆದು ಮೇಲಕ್ಕೆ ಕಳಿಸಿದರು.

ದೂರು ವಿಭಾಗದಲ್ಲಿ ಗಲಿಬಿಲಿಯಾಯಿತು. ಜನರ ಮಾತು ನಿಜವೆಂದು ಹೇಳುವ ಪತ್ರದ ಮಾದರಿ ಕಚೇರಿಯಲ್ಲಿ ಇರಲೇ ಇಲ್ಲ. ಗುಮಾಸ್ತರು ಅರ್ಧ ದಿನ ಪೆನ್ನು ಕಚ್ಚಿ "ನಿಮ್ಮ ಮಾತು ಸರಿ" ಎಂದು ಬರೆದರು. ಕಚೇರಿ ಹಾಗೆಲ್ಲ ಮಾತಾಡುವುದಿಲ್ಲವೆಂದು ಮೇಡಂ ಹೊಡೆದುಹಾಕಿದರು. ಕೊನೆಗೆ "ತಮ್ಮ ಹೇಳಿಕೆಯನ್ನು ಅಲ್ಲಗಳೆಯಲು ಸಾಧ್ಯವಾಗುತ್ತಿಲ್ಲ, ಹೊಸ ಮೀಟರು ಅಳವಡಿಸಲಾಗುವುದು" ಎಂದಾಯಿತು.

ಮೊದಲ ಪತ್ರ ಹೋದದ್ದು ಗಣಿತದ ಮೇಷ್ಟ್ರಿಗೆ. ಮೇಷ್ಟ್ರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಒಂಬತ್ತು ವರ್ಷದಿಂದ ತಿಂಗಳಿಗೊಂದರಂತೆ ದುಂಡು ಅಕ್ಷರದಲ್ಲಿ ದೂರು ಬರೆಯುತ್ತಿದ್ದರು. ಮನೆಯಲ್ಲಿ ಬಳಸಿದ ಪ್ರತಿ ಬಕೆಟ್ಟನ್ನೂ ಗೋಡೆಯ ಮೇಲೆ ಗೀಟು ಹಾಕಿ ಎಣಿಸಿ, ಮೀಟರು ಅದಕ್ಕಿಂತ ಹೆಚ್ಚು ಹೇಳುತ್ತದೆಂದು ಸಾಧಿಸುತ್ತಿದ್ದರು. ನೂರೇಳು ದೂರಿಗೆ ನೂರೇಳು ಅಚ್ಚಿನ ಪತ್ರಗಳು ಹೋಗಿದ್ದವು, ಇದು ನೂರೆಂಟನೆಯದು. ಈ ಪತ್ರ ಕೈಗೆ ಸಿಕ್ಕಿದ ದಿನ ಅವರು ಖುದ್ದಾಗಿ ಕಚೇರಿಗೆ ಬಂದು, ತಮ್ಮ ಕಣ್ಣನ್ನು ನಂಬದೆ, ಗುಮಾಸ್ತರಿಂದ ಅದನ್ನು ಮೂರು ಸಲ ಓದಿಸಿಕೊಂಡರು. ಮೂರನೆಯ ಸಲ ಕೇಳುವಾಗ ಕಣ್ಣು ಮುಚ್ಚಿಕೊಂಡಿದ್ದರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಒಬ್ಬರು ತಮ್ಮ ಲೆಕ್ಕ ಸರಿಯೆಂದರಲ್ಲ ಎಂದು ಗುಮಾಸ್ತರ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು, ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಲು ಹೋದರು.

ಸುದ್ದಿ ಊರಿಗೆ ಹಬ್ಬಿತು. ಮಗುವನ್ನು ಸುತ್ತಿದಂತೆ ಬಟ್ಟೆಯಲ್ಲಿ ಮೀಟರು ಸುತ್ತಿಕೊಂಡು ಜನ ಬೆಳಗಾದರೆ ಬಾಗಿಲಲ್ಲಿ ಸಾಲು ನಿಲ್ಲತೊಡಗಿದರು. ಬಂದವರೆಲ್ಲ ಗುಮಾಸ್ತರನ್ನು ಕಂಡು ನಮಸ್ಕರಿಸಿ ಹೋಗುವರು. ಪತ್ರದ ಕೆಳಗೆ ಇರುತ್ತಿದ್ದದ್ದು ಅವರ ಸಹಿ. ಇಂಥ ಪ್ರಾಮಾಣಿಕರು ಇನ್ನೂ ಇದ್ದಾರಲ್ಲ ಎಂದು ಒಬ್ಬಾಕೆ ಎಲ್ಲರಿಗೂ ಕೇಳುವಂತೆ ಹೇಳಿದರು. ಮೈಯಿಂದ ನಿಂಬೆಯ ಪರಿಮಳ ಸೂಸುತ್ತಿದ್ದ ಗುಮಾಸ್ತರು ತಲೆ ತಗ್ಗಿಸಿ ಅದನ್ನು ಸ್ವೀಕರಿಸಿದರು. ಭಾವಮೈದುನನ ಫೋನಿಗೆ ಮೂವತ್ತಾರು ನಿಮಿಷವೆಂದು ನಿಜವನ್ನೇ ಹೇಳುವಷ್ಟು ಧೈರ್ಯವೂ ಬಂದಿತ್ತು.

ಹೀಗೆ ಮೂರು ವಾರ ನಡೆಯಿತು. ಹದಿನೆಂಟು ಸ್ನಾನಗಳು. ಅರವತ್ತೆಂಟು ಮೀಟರುಗಳು ದೋಷಿಗಳಾಗಿ ಹೊರಬಿದ್ದವು.

ಮೂರನೆಯ ವಾರದ ಕೊನೆಗೆ ಇಂಜಿನಿಯರ್ ಸಾಹೇಬರು ಎಚ್ಚೆತ್ತುಕೊಂಡರು. ಊರಿನ ಮೀಟರುಗಳಿಗೆಲ್ಲ ಒಂದೇ ಸಲ ಹುಚ್ಚು ಹಿಡಿಯಲು ಸಾಧ್ಯವಿಲ್ಲ. ಹಿಡಿದಿದ್ದರೆ ಅದು ಒಬ್ಬ ಮನುಷ್ಯನಿಗೆ ಎಂದು ಅವರು ತೀರ್ಮಾನಿಸಿದರು. ಮೀಟರಣ್ಣ ಜನರ ಜೊತೆ ಶಾಮೀಲಾಗಿದ್ದಾರೆ, ಇಲ್ಲವೆ ಅಂಕಿ ಓದುವುದನ್ನೇ ಮರೆತಿದ್ದಾರೆ. ಎರಡರಲ್ಲಿ ಯಾವುದಾದರೂ ಅಮಾನತು ಮಾಡಲು ಸಾಕು. ಅಮಾನತಿನ ಆದೇಶದ ಕರಡು ತಯಾರಿಸುವ ಕೆಲಸವನ್ನು ಅವರು ಗುಮಾಸ್ತರಿಗೇ ವಹಿಸಿದರು, ಭಾಷೆ ಚೆನ್ನಾಗಿದೆ ಎಂದು. ಸೋಮವಾರ ಅದಕ್ಕೆ ಸಹಿ ಹಾಕುವಾಗಲೇ ಹೆಡ್ ಕ್ಲರ್ಕ್ ಹುದ್ದೆಯ ಆದೇಶಕ್ಕೂ ಹಾಕಿಬಿಡುತ್ತೇನೆಂದು ಸೂಚನೆ ಕೊಟ್ಟರು. ಎರಡು ಕಾಗದ, ಒಂದೇ ಫೈಲು.

ಕರಡಿನಲ್ಲಿ ಆರೋಪಿಯ ಕೆಲಸದ ಕ್ರಮವನ್ನು ವಿವರಿಸಬೇಕಿತ್ತು. ಅದನ್ನು ಕೇಳಿ ಬರೆದುಕೊಳ್ಳಲು ಗುಮಾಸ್ತರು ಮಧ್ಯಾಹ್ನ ನೆಲಮಾಳಿಗೆಗೆ ಇಳಿದರು. ಮೀಟರಣ್ಣ ಡ್ರಮ್ಮಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು. ಮೂಗಿನ ಮೇಲೆ ಹೊಸ ಕನ್ನಡಕವಿತ್ತು. ಕೇಳಿದ್ದಕ್ಕೆ ಒಂದೊಂದಾಗಿ ಹೇಳಿದರು. ಸಂಜೆ ಜೋಡಿಸುವುದು, ಸಂಜೆಯೇ ಅಂಕಿ ಬರೆಯುವುದು, ಬೆಳಿಗ್ಗೆ ಹತ್ತೂವರೆಗೆ ನೀರು ಬಿಡುವುದು.

ಗುಮಾಸ್ತರ ಪೆನ್ನು ನಿಂತಿತು. "ನಡುವೆ ಈ ಪೈಪಲ್ಲಿ ನೀರು ಹೋದ್ರೆ?"

"ಯಾಕೆ ಹೋಗುತ್ತೆ ಸ್ವಾಮಿ? ನಾನಿಲ್ಲದೆ ಇಲ್ಲಿ ನಲ್ಲಿ ತಿರುಗಿಸೋರು ಯಾರಿದಾರೆ?"

ಗುಮಾಸ್ತರು ಪೈಪನ್ನು ನೋಡಿದರು. ಪೈಪಿನ ಮೇಲಿನ ನಾಲ್ಕು ಮೀಟರುಗಳೂ ಅವರನ್ನೇ ನೋಡುತ್ತಿದ್ದಂತಿತ್ತು. ಮೀಟರಣ್ಣ ತಮ್ಮ ಪಾಡಿಗೆ ಹೇಳುತ್ತ ಹೋದರು. ತಪ್ಪು ತಮ್ಮ ಕಣ್ಣಿನದೇ ಇರಬೇಕು, ಅದಕ್ಕೇ ಕನ್ನಡಕ ಬದಲಾಯಿಸಿದ್ದು, ಆದರೂ ನಲವತ್ತು ಹೋಗಲಿಲ್ಲ. ರಾತ್ರಿ ಊಟಕ್ಕೆ ಕುಳಿತರೆ ತಟ್ಟೆಯಲ್ಲೂ ಚಕ್ರಗಳೇ ಕಾಣುತ್ತವೆ. ಮನೆಯವರಿಗೆ ಇನ್ನೂ ಹೇಳಿಲ್ಲ.

"ಇಪ್ಪತ್ತೆಂಟು ವರ್ಷ ಒಂದು ಅಂಕಿ ತಪ್ಪು ಬರೆದಿಲ್ಲ. ನೀವು ಭಾಷೆ ಬಲ್ಲೋರು. ಅಮಾನತು ಅಂತ ಬರೀರಿ, ಕಳ್ಳ ಅಂತ ಮಾತ್ರ ಬರೀಬೇಡಿ."

ಗುಮಾಸ್ತರು ಏನೂ ಬರೆಯದೆ ಮೇಲೆ ಬಂದರು. ಅವತ್ತು ಸಂಜೆ ಇಳಿಜಾರಿನಲ್ಲೂ ಸೈಕಲ್ ತಳ್ಳಿಕೊಂಡೇ ಹೋದರಂತೆ. ಕಂಡವರು ಪಂಕ್ಚರ್ ಆಗಿರಬೇಕೆಂದುಕೊಂಡರು.

ಮನೆಯಲ್ಲಿ ಹೆಂಡತಿ ದಿಂಬಿಗೆ ಹತ್ತಿ ತುಂಬುತ್ತಿದ್ದರು. ಗುಮಾಸ್ತರು ಎದುರು ಕುಳಿತು ಮೊದಲಿನಿಂದ ಎಲ್ಲವನ್ನೂ ಹೇಳಿದರು. ಕುರ್ಚಿಯ ಮಾತು ಬಂದಾಗಲೆಲ್ಲ ಸ್ವಲ್ಪ ಜೋರಾಗಿ, ಸ್ನಾನದ ಮಾತು ಬಂದಾಗ ಸ್ವಲ್ಪ ಮೆಲ್ಲಗೆ ಹೇಳಿದರು. ಒಪ್ಪಿಕೊಂಡರೆ ಕುರ್ಚಿ ಹೋಗುತ್ತದೆ, ಬಂಧುಗಳೆದುರು ನಗೆಪಾಟಲು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಸೋಮವಾರದಿಂದ ಸ್ನಾನ ನಿಲ್ಲಿಸಿದರಾಯಿತು. ಎರಡೂ ಕಡೆಯ ವಾದವನ್ನು ಮಂಡಿಸಿ ತೀರ್ಪಿಗಾಗಿ ಕಾದರು.

ಹೆಂಡತಿ ಹತ್ತಿ ತುಂಬುವುದನ್ನು ನಿಲ್ಲಿಸಲಿಲ್ಲ. "ಆ ಮನುಷ್ಯ ಕನ್ನಡಕ ಬದಲಾಯಿಸಿದಾರೆ ಅಂತೀರಿ. ಇನ್ನೇನ್ರೀ ಯೋಚನೆ?"

ಆಮೇಲೆ ದಿಂಬಿನ ಬಾಯಿ ಹೊಲಿದು, ಅದನ್ನು ತಾವು ದಿನಾ ಕೂರುವ ಕುರ್ಚಿಯ ಮೇಲೆ ಹಾಕಿ ಕುಳಿತು ನೋಡಿ, ಚೆನ್ನಾಗಿದೆ ಎಂದರು.

ಸೋಮವಾರ ಸಾಹೇಬರ ಕೋಣೆಯಲ್ಲಿ ಮೇಡಂ ಇದ್ದರು, ಮೀಟರಣ್ಣ ರಿಜಿಸ್ಟರು ಅಪ್ಪಿಕೊಂಡು ಮೂಲೆಯಲ್ಲಿ ನಿಂತಿದ್ದರು. ಗುಮಾಸ್ತರು ಖಾಲಿ ಕೈಯಲ್ಲಿ ಬಂದದ್ದನ್ನು ಕಂಡು ಸಾಹೇಬರು ಕರಡು ಎಲ್ಲಿ ಎಂದರು. ಕರಡು ಬರೆಯಲಾಗಲಿಲ್ಲ, ಸ್ನಾನ ಮಾಡಿದ್ದು ತಾನು ಎಂದು ಗುಮಾಸ್ತರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಸಾಹೇಬರಿಗೆ ಎರಡು ವಾಕ್ಯಗಳ ಸಂಬಂಧ ಹತ್ತಲಿಲ್ಲ.

"ಎಲ್ಲಿ ಸ್ನಾನ ಮಾಡಿದ್ರಿ?"

"ಮೀಟರು ರೂಮಲ್ಲಿ, ಸಾರ್."

"ಯಾರ ಮೀಟರಲ್ಲಿ?"

"ಎಲ್ಲರದ್ರಲ್ಲೂ, ಸಾರ್."

ಗುಮಾಸ್ತರು ವಿವರಿಸಿದರು. ಸಾಹೇಬರು ಕೇಳಿ, ನಂಬಲಿಲ್ಲ. ಮೀಟರಣ್ಣನನ್ನು ಉಳಿಸಲು ಕಟ್ಟಿದ ಕಥೆ ಇದು, ಸ್ನಾನವ್ಯಕ್ತಿ ಯಾರಾದರೂ ಪ್ರತಿದಿನ ಅಳೆದಿಟ್ಟಂತೆ ನಲವತ್ತೇ ಲೀಟರು ಸುರಿದುಕೊಳ್ಳುತ್ತಾರೆಯೇ ಎಂದು ಕೇಳಿದರು. "ಸ್ನಾನವ್ಯಕ್ತಿ" ಎಂಬ ಪದ ಆ ಕೋಣೆಯಲ್ಲಿಯೇ ಹುಟ್ಟಿ ಆಮೇಲೆ ಕಡತದಲ್ಲೂ ಉಳಿಯಿತು. ಗುಮಾಸ್ತರು ಪದ್ಯಗಳ ಸಂಗತಿ ಹೇಳಬೇಕಾಯಿತು. ಹನ್ನೊಂದು ಪದ್ಯ, ಅಜ್ಜಿ ಹೇಳಿಕೊಟ್ಟ ಧಾಟಿ, ಒಂದು ಮಾತ್ರೆ ಹೆಚ್ಚಿಲ್ಲ ಕಡಿಮೆಯಿಲ್ಲ, ಮುಗಿದೊಡನೆ ನಲ್ಲಿ ಬಂದ್. ಸಾಹೇಬರು ರಿಜಿಸ್ಟರು ತರಿಸಿ ಓದಿಸಿದರು. ಮೀಟರಣ್ಣ ಗಂಟಲು ಸರಿಮಾಡಿಕೊಂಡು ಓದಿದರು.

"ಸೋಮವಾರ ನಲವತ್ತು. ಮಂಗಳವಾರ ನಲವತ್ತು. ಬುಧವಾರ ನಲವತ್ತು. ಗುರುವಾರ, ಎರಡು."

ಸಾಹೇಬರ ಹುಬ್ಬು ಮೇಲೇರಿತು. ಗುರುವಾರ ಅರ್ಧ ಪದ್ಯಕ್ಕೆ ಭಾವಮೈದುನನ ಫೋನು ಬಂದು ನಲ್ಲಿ ನಿಲ್ಲಿಸಿದ್ದು, ಮಾತು ಮುಗಿಯುವಷ್ಟರಲ್ಲಿ ಮೈಮೇಲಿನ ಸೋಪು ಒಣಗಿ, ಹೊತ್ತಾಯಿತೆಂದು ಟವೆಲಿನಲ್ಲಿ ಒರೆಸಿಕೊಂಡು ಬಂದದ್ದು ಎಂದು ಗುಮಾಸ್ತರು ನಿವೇದಿಸಿದರು. ಆಗ ಅದುವರೆಗೆ ಸುಮ್ಮನಿದ್ದ ಮೇಡಂ ಬಾಯಿ ಬಿಟ್ಟರು. ಒಂದು ಗುರುವಾರ ಇವರ ಕಿವಿಯ ಹಿಂದೆ ಸೋಪು ಇದ್ದದ್ದನ್ನು ತಾವು ಕಂಡದ್ದು ನಿಜ, ಹೇಳಲು ಸಂಕೋಚವಾಗಿತ್ತು. ಸಾಕ್ಷಿ ದಾಖಲಾಯಿತು.

"ಶನಿವಾರ," ಮೀಟರಣ್ಣ ಓದಿದರು, "ಅರವತ್ತೆರಡು."

"ಶನಿವಾರ ತಲೆಗೆ ಹಾಕ್ಕೊಳ್ತೀನಿ, ಸಾರ್. ಆರು ಪದ್ಯ ಜಾಸ್ತಿ."

ಸಾಹೇಬರು ಕಾಗದದ ಮೂಲೆಯಲ್ಲಿ ಭಾಗಾಕಾರ ಮಾಡಿದರು. ಹನ್ನೊಂದು ಪದ್ಯಕ್ಕೆ ನಲವತ್ತು, ಹದಿನೇಳು ಪದ್ಯಕ್ಕೆ ಅರವತ್ತೆರಡು. ಎರಡು ಕಡೆಯೂ ಪದ್ಯವೊಂದಕ್ಕೆ ಮೂರೂವರೆ ಲೀಟರು ದಾಟಿ ಒಂದು ಲೋಟ. ಉಳಿದ ಎರಡು ಶನಿವಾರಗಳನ್ನೂ ನೋಡಿದರು. ಅರವತ್ತೆರಡು, ಅರವತ್ತೆರಡು. ಅವರ ಮುಖದಲ್ಲಿ ಮೊದಲ ಬಾರಿಗೆ ಗೌರವದಂಥದ್ದೇನೋ ಕಾಣಿಸಿತು. ಇಡೀ ಇಲಾಖೆಯಲ್ಲಿ ಇಷ್ಟು ನಿಖರವಾಗಿ ನೀರು ಬಿಡುವ ಇನ್ನೊಂದು ವ್ಯವಸ್ಥೆ ಇರಲಿಲ್ಲ. ಕಾವಲುಗಾರನನ್ನು ಕರೆಸಿ ಕೇಳಿದರೆ, ಹದಿನೆಂಟು ದಿನವೂ ಬೀಗದ ಕೈ ಕೊಟ್ಟದ್ದು ನಿಜ, ಬಾಗಿಲ ಸಂದಿಯಿಂದ ಪದ್ಯ ಕೇಳಿ ತನಗೂ ಏಳು ಬಾಯಿಗೆ ಬಂದಿವೆ ಎಂದ. ಮೊದಲೇ ಏಕೆ ಹೇಳಲಿಲ್ಲವೆಂದರೆ, ಯಾರೂ ಕೇಳಲಿಲ್ಲವೆಂದ.

ಸಂಜೆಯೊಳಗೆ ಆದೇಶ ಹೊರಟಿತು. ಮೀಟರಣ್ಣ ನಿರಪರಾಧಿ, ಅವರ ರಿಜಿಸ್ಟರು ಇಲಾಖೆಗೇ ಮಾದರಿ. ಗುಮಾಸ್ತರು ಮೀಟರು ಕೋಣೆಯ ಕಡೆ ಸುಳಿಯಕೂಡದು. ಹೆಡ್ ಕ್ಲರ್ಕ್ ಕುರ್ಚಿ ಹಾಜರಿ ವಿಭಾಗದ ಗುಮಾಸ್ತರಿಗೆ. ಅವರು ಬಸ್ಸಿನಲ್ಲಿ ಬರುತ್ತಾರೆ. ಅರವತ್ತೆಂಟು ಮನೆಗಳಿಗೆ, ಹಳೆಯ ಮೀಟರು ನಿರ್ದೋಷಿಯಾದ್ದರಿಂದ ಹೊಸದನ್ನು ಹಿಂತಿರುಗಿಸಬೇಕೆಂಬ ಪತ್ರವನ್ನು, ಈ ಆದೇಶದ ಪ್ರತಿಯೊಂದಿಗೆ, ಗುಮಾಸ್ತರು ತಮ್ಮ ಸೈಕಲಿನಲ್ಲೇ ಹೋಗಿ ಕೈಯಾರೆ ಕೊಟ್ಟು ಬರಬೇಕು.

ಮೀಟರಣ್ಣ ಹೊಸ ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಜೇಬಿನಿಂದ ಹಳೆಯದನ್ನು ತೆಗೆದು ಏರಿಸಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿ, ಇದರಲ್ಲೇ ಚೆನ್ನಾಗಿ ಕಾಣುತ್ತದೆ ಎಂದು ಗುಮಾಸ್ತರಿಗೆ ಮಾತ್ರ ಕೇಳುವಂತೆ ಹೇಳಿದರು.

ಮರುದಿನ ಬೆಳಿಗ್ಗೆ ಪತ್ರಗಳ ಕಟ್ಟನ್ನು ಸೈಕಲಿಗೆ ಬಿಗಿದು ಗುಮಾಸ್ತರು ಹೊರಟರು. ಮೊದಲ ಹೆಸರು ಗಣಿತದ ಮೇಷ್ಟ್ರದು. ಅವರ ಮನೆಯೂ ಒಂದು ಏರಿನ ಮೇಲೆಯೇ ಇತ್ತು. ಗುಮಾಸ್ತರು ಬಾಗಿಲು ತಟ್ಟಿದಾಗ ಗಲ್ಲದಿಂದ ಹನಿ ತೊಟ್ಟಿಕ್ಕುತ್ತಿತ್ತು. ನಡುಮನೆಯ ಗೋಡೆಯಲ್ಲಿ, ಬಕೆಟ್ಟಿನ ಗೀಟುಗಳ ಮೇಲುಗಡೆ, ಗಾಜಿನ ಚೌಕಟ್ಟಿನಲ್ಲಿ ಆ ಪತ್ರ ತೂಗುತ್ತಿತ್ತು. ಗುಮಾಸ್ತರು ನೆಲ ನೋಡುತ್ತ ಎಲ್ಲವನ್ನೂ ಒಪ್ಪಿಸಿ, ಹೊಸ ಪತ್ರವನ್ನೂ ಆದೇಶವನ್ನೂ ಮುಂದಿಟ್ಟರು.

ಮೇಷ್ಟ್ರು ಬಹಳ ಹೊತ್ತು ಓದಿದರು. "ಅಂದ್ರೆ, ಒಂಬತ್ತು ವರ್ಷದಲ್ಲಿ ಒಂದೇ ಒಂದ್ಸಲ ನಿಮ್ಮ ಕಚೇರಿ ನನ್ನ ಲೆಕ್ಕ ಸರಿ ಅಂದಿದ್ದು, ನೀವು ಸ್ನಾನ ಮಾಡ್ತಿದ್ರಿ ಅಂತ."

ಹೌದು ಎಂದರು ಗುಮಾಸ್ತರು.

ಮೇಷ್ಟ್ರು ಆದೇಶವನ್ನು ಕಣ್ಣಿನ ಹತ್ತಿರ ಹಿಡಿದು, ಮಕ್ಕಳ ಉತ್ತರ ತಿದ್ದುವವರಂತೆ ಸಾಲಿನ ಕೆಳಗೆ ಬೆರಳಿಟ್ಟು ಮತ್ತೆ ಓದಿದರು: "ಸದರಿ ಗುಮಾಸ್ತರ ಒಂದು ಸ್ನಾನಕ್ಕೆ ನಲವತ್ತು ಲೀಟರು ನೀರು ತಗಲುತ್ತದೆಂಬುದು ವಿಚಾರಣೆಯಿಂದ ನಿಸ್ಸಂಶಯವಾಗಿ ಸ್ಥಿರಪಟ್ಟಿದೆ." ಕೆಳಗೆ ಇಂಜಿನಿಯರ್ ಸಾಹೇಬರ ಸಹಿ, ಮೊಹರು. ಪ್ರತಿ ಮನೆಯ ನಲ್ಲಿಯ ರಭಸವೂ ಬೇರೆ ಎಂಬುದು ಗಣಿತದ ಮೇಷ್ಟ್ರಿಗೆ ತಿಳಿಯದ ಸಂಗತಿಯಲ್ಲ. ಆದರೆ ಆದೇಶದಲ್ಲಿ ನಲ್ಲಿಯ ಮಾತಿರಲಿಲ್ಲ. ಅವರು ಎದ್ದು ಒಳಗೆ ಹೋಗಿ, ಮಡಿಸಿದ ಟವೆಲನ್ನೂ ಒಂದು ಹೊಸ ಸೋಪನ್ನೂ ತಂದು ಗುಮಾಸ್ತರ ಕೈಗಿಟ್ಟರು.

"ಹೊಸ ಮೀಟರು ವಾಪಸ್ ಕೊಡೋ ಮುಂಚೆ ಅದನ್ನೂ ಒಂದ್ಸಲ ನೋಡಿಬಿಡೋಣ. ಬಚ್ಚಲುಮನೆ ಎಡಗಡೆ. ಹನ್ನೊಂದೇ ಪದ್ಯ, ಸ್ಪಷ್ಟವಾಗಿ ಹೇಳಿ, ನಾನು ಹೊರಗೆ ಕೂತ್ಕೊಂಡು ಎಣಿಸ್ತೀನಿ."

ಬೇಡವೆನ್ನಲು ಗುಮಾಸ್ತರ ಮೈ ಒಪ್ಪಲಿಲ್ಲ. ತಣ್ಣೀರು ನೆತ್ತಿಗೆ ಬಿದ್ದೊಡನೆ ಪದ್ಯ ತಾನಾಗಿ ಬಂತು. ಮೇಷ್ಟ್ರು ಅಂಗಳದಲ್ಲಿ ಮೀಟರಿನ ಮುಂದೆ ಮೊಣಕಾಲೂರಿ, ಒಂದೊಂದು ಪದ್ಯಕ್ಕೂ ಒಂದೊಂದು ಬೆರಳು ಮಡಿಸುತ್ತ ಕುಳಿತರು. ಬೀದಿಯವರು ಒಬ್ಬೊಬ್ಬರಾಗಿ ಗೇಟಿನ ಹತ್ತಿರ ಬಂದು ನಿಂತರು. ಹನ್ನೊಂದನೆಯ ಪದ್ಯ ಮುಗಿದು ನಲ್ಲಿ ನಿಂತಿತು. ಗುಮಾಸ್ತರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಮೇಷ್ಟ್ರು ಇನ್ನೂ ಎದ್ದಿರಲಿಲ್ಲ.

"ನಲವತ್ತೇಳು," ಎಂದರು. ಮತ್ತೊಮ್ಮೆ ಅಂಕಿ ನೋಡಿದರು. "ಏಳು ಹೆಚ್ಚು. ನಿಮ್ಮ ಕಚೇರಿಯ ಲೆಕ್ಕದಲ್ಲೇ."

ಗೋಡೆಯ ಮೇಲಿನ ಚೌಕಟ್ಟನ್ನು ಇಳಿಸುವ ಮಾತು ಯಾರೂ ಎತ್ತಲಿಲ್ಲ. ಮೇಷ್ಟ್ರು ಅಲ್ಲಿಯೇ, ಅಂಗಳದಲ್ಲಿಯೇ, ನೂರೊಂಬತ್ತನೆಯ ದೂರು ಬರೆದು, ಸಾಕ್ಷಿಯ ಜಾಗದಲ್ಲಿ ಗುಮಾಸ್ತರ ಸಹಿ ಕೇಳಿದರು. ಗುಮಾಸ್ತರು ಆದೇಶವನ್ನೊಮ್ಮೆ ನೋಡಿದರು, ಮೇಷ್ಟ್ರ ಮುಖವನ್ನೊಮ್ಮೆ ನೋಡಿದರು, ಸಹಿ ಹಾಕಿದರು. ಮೈ ಹಗುರವಾಗಿತ್ತು. ಇನ್ನು ಅರವತ್ತೇಳು ಮನೆಗಳಿದ್ದವು.

ಸೈಕಲ್ ಹತ್ತಬೇಕೆಂದು ಹೊರಗೆ ಬಂದರೆ, ಹತ್ತುವ ಅಗತ್ಯ ಬೀಳಲಿಲ್ಲ. ಪಕ್ಕದ ಮನೆಯಾಕೆ ಗೇಟು ಪೂರ್ತಿ ತೆರೆದು, ಹೆಗಲ ಮೇಲೆ ಒಗೆದ ಟವೆಲು ಹಾಕಿಕೊಂಡು ನಿಂತಿದ್ದರು. ನೀರು ಕಾಯಿಸಬೇಕೋ, ತಣ್ಣೀರೇ ಸಾಕೋ ಎಂದು ಕೇಳಿದರು.